ಕಾಣದ ಕಾಯಿಲೆ ಮತ್ತು ದುಡಿಯುವ ಕೈ
(ಜುಮಾ ಖುತ್ಬಾದ ಸಾರಾಂಶ)



ಈ ವಾರದ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ತಿಂಗಳ ಹಿಂದೆ ಖುತ್ಬಾದ ವೇಳೆ ಎರಡನೇ ಸಫ್‌ನಲ್ಲಿದ್ದ ಯುವಕನೊಬ್ಬನ ರೆಪ್ಪೆಗಳು ಜೋತು ಬೀಳುತ್ತಿದ್ದವು. ಖುತ್ಬಾ ಕೇಳದೆ ನಿದ್ದೆ ಮಾಡುವವರ ಬಗ್ಗೆ ಮಿಂಬರಿನಿಂದಲೇ ಒಂದು ಮಾತು ಆಡಿಬಿಟ್ಟೆ. ನಾಲ್ಕು ಜನ ಅವನತ್ತ ತಿರುಗಿ ನೋಡಿದರು. ನಮಾಝ್ ಮುಗಿದ ಮೇಲೆ ಅವನ ತಂದೆ ಬಂದು, "ಉಸ್ತಾದರೇ, ಅವನು ನಿದ್ದೆ ಮಾಡುತ್ತಿರಲಿಲ್ಲ. ರೆಪ್ಪೆ ಎತ್ತಲು ಅವನಿಂದ ಆಗುವುದಿಲ್ಲ" ಎಂದರು. ಆ ಹುಡುಗನ ಬಳಿ ಕ್ಷಮೆ ಕೇಳಿದೆ. ಇದನ್ನು ಬರೆಯುತ್ತಿರುವುದೂ ಅವನ ಒಪ್ಪಿಗೆಯಿಂದಲೇ.

ಅವನ ಕಾಯಿಲೆಯ ಹೆಸರು ಮಯಸ್ತೇನಿಯಾ ಗ್ರೇವಿಸ್. ಅಪರೂಪದ್ದು. ರೋಗಾಣುಗಳೊಂದಿಗೆ ಹೋರಾಡಬೇಕಾದ ದೇಹದ ರಕ್ಷಣಾ ಶಕ್ತಿ ದಾರಿ ತಪ್ಪಿ, ನರ ಮತ್ತು ಸ್ನಾಯು ಸೇರುವ ಜಾಗಕ್ಕೇ ಹಾನಿ ಮಾಡುತ್ತದೆ. ನರ ಕಳಿಸಿದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲ. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ರೆಪ್ಪೆ ಇಳಿಯುವುದು, ಒಂದು ವಸ್ತು ಎರಡಾಗಿ ಕಾಣುವುದು, ಅಗಿಯಲು, ನುಂಗಲು, ಮಾತಾಡಲು ಕಷ್ಟವಾಗುವುದು ಇದರ ಲಕ್ಷಣಗಳು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ದೃಷ್ಟಿ ತಾಗಿದ್ದೂ ಅಲ್ಲ, ಮಾಟವೂ ಅಲ್ಲ.

ಆ ಯುವಕ ಟೈಲರ್. ಬೆಳಗ್ಗೆ ಎಲ್ಲರಂತೆ ಹೊಲಿಯುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಸೂಜಿ ಎರಡಾಗಿ ಕಾಣುತ್ತದೆ, ಕತ್ತರಿ ಹಿಡಿದ ಕೈ ಸೋಲುತ್ತದೆ. ಮೊದಲು ಕೆಲಸಕ್ಕಿದ್ದ ಅಂಗಡಿಯಲ್ಲಿ, "ಬೆಳಗ್ಗೆ ಇದ್ದ ಶಕ್ತಿ ಈಗ ಎಲ್ಲಿ ಹೋಯಿತು? ನಾಟಕ" ಎಂದು ಹೇಳಿ ಕಳಿಸಿಬಿಟ್ಟರು. ಕೈ ಮುರಿದು ಪಟ್ಟಿ ಕಟ್ಟಿದ್ದರೆ ಯಾರೂ ಹಾಗೆ ಅನ್ನುತ್ತಿರಲಿಲ್ಲ. ಹೊರಗೆ ಕಾಣದ ಕಾಯಿಲೆಗೆ ಸಾಕ್ಷಿ ಕೇಳುವ ಅಭ್ಯಾಸ ನಮಗೆಲ್ಲ ಇದೆ. ನನಗೂ ಇತ್ತು.

ಈಗಿನ ಮಾಲಕರು ದೊಡ್ಡದೇನನ್ನೂ ಮಾಡಿಲ್ಲ. ಅಳತೆ, ಕತ್ತರಿಸುವ ಕೆಲಸವನ್ನು ಬೆಳಗ್ಗೆಗೆ ಇಟ್ಟರು. ಝುಹರ್ ನಂತರ ಅರ್ಧ ಗಂಟೆ ಮಲಗಲು ಬಿಟ್ಟರು. ಸೆಕೆಯಲ್ಲಿ ಈ ಕಾಯಿಲೆ ಹೆಚ್ಚಾಗುವುದರಿಂದ ಅವನ ಮೆಷಿನನ್ನು ಫ್ಯಾನಿನ ಕೆಳಗೆ ಸರಿಸಿದರು. ದಿನಗೂಲಿಯ ಬದಲು ಹೊಲಿದ ಬಟ್ಟೆಯ ಲೆಕ್ಕದಲ್ಲಿ ಕೊಡುವುದೆಂದು ಇಬ್ಬರೂ ಒಪ್ಪಿಕೊಂಡರು. ಅವನೂ ತನ್ನ ಸ್ಥಿತಿಯನ್ನು ಮುಚ್ಚಿಡದೆ ಮೊದಲೇ ಹೇಳಿದ್ದ. ಅದು ಅವನ ಕಡೆಯ ಅಮಾನತ್.

ಕೆಲಸದವರು ನಿಮ್ಮ ಸಹೋದರರು, ಅವರ ಶಕ್ತಿಗೆ ಮೀರಿದ್ದನ್ನು ಹೇರಬೇಡಿ, ಹೇರಿದರೆ ನೀವೂ ಕೈ ಜೋಡಿಸಿ ಎಂಬ ಆಶಯದ ಹದೀಸನ್ನು ಹಝ್ರತ್ ಅಬೂ ಝರ್(ರ) ವರದಿ ಮಾಡಿದ್ದಾರೆ. ಶಕ್ತಿ ಎಂದರೆ ಮಾಲಕ ಅಂದಾಜು ಮಾಡಿದ ಶಕ್ತಿಯಲ್ಲ, ಕೆಲಸದವನಲ್ಲಿ ನಿಜವಾಗಿ ಇರುವ ಶಕ್ತಿ. ಹಝ್ರತ್ ಇಮ್ರಾನ್ ಬಿನ್ ಹುಸೈನ್(ರ) ತಮ್ಮ ಕಾಯಿಲೆಯ ಬಗ್ಗೆ ಕೇಳಿದಾಗ ಪ್ರವಾದಿ(ಸ)ಯವರು, ನಿಂತು ನಮಾಝ್ ಮಾಡು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಲ್ಲಿ ಮಲಗಿ ಎಂದು ತಿಳಿಸಿದರು. ಅಲ್ಲಾಹನ ಮುಂದೆಯೇ ಇಷ್ಟು ರಿಯಾಯಿತಿ ಇರುವಾಗ ಅಂಗಡಿಯಲ್ಲಿ ಒಂದು ಸ್ಟೂಲಿಗೆ ಏಕೆ ಇಷ್ಟು ಲೆಕ್ಕಾಚಾರ?

ರಮಝಾನಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆಯ ಪರಿಣಾಮ ಕೆಲವೇ ಗಂಟೆ ಇರುತ್ತದೆ. ಹಗಲಲ್ಲಿ ಹಲವು ಬಾರಿ ನುಂಗಬೇಕಾಗುತ್ತದೆ. ಈ ಯುವಕ ಒಂದು ವರ್ಷ "ಜನ ಏನಂದಾರು" ಎಂದು ಮಾತ್ರೆ ಬಿಟ್ಟು ಉಪವಾಸ ಹಿಡಿದ. ನಾಲ್ಕನೇ ದಿನ ಇಫ್ತಾರಿನ ಖರ್ಜೂರ ಗಂಟಲಲ್ಲಿ ಇಳಿಯಲಿಲ್ಲ, ಆಸ್ಪತ್ರೆಗೆ ಸೇರಿಸಬೇಕಾಯಿತು. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ಸೂರಃ ಅಲ್ ಬಕರಃದಲ್ಲಿಯೇ ಇದೆ. ಗುಣವಾಗುವ ನಿರೀಕ್ಷೆಯಿದ್ದರೆ ನಂತರ ಕಝಾ, ಇಲ್ಲದಿದ್ದರೆ ದಿನಕ್ಕೊಬ್ಬ ಬಡವನಿಗೆ ಊಟದ ಫಿದ್ಯಾ. ಮೊದಲು ವೈದ್ಯರನ್ನು ಕೇಳಿ, ಆಮೇಲೆ ನಮ್ಮ ಬಳಿ ಬನ್ನಿ. ಹಗಲಲ್ಲಿ ಮಾತ್ರೆ ನುಂಗುವವರನ್ನು ಕಂಡರೆ ಪ್ರಶ್ನೆ ಕೇಳಲು ಹೋಗಬೇಡಿ.

ದುಆ ಮಾಡಿ, ಓದಿ ಊದಿಸಿಕೊಳ್ಳಿ, ಆದರೆ ಮಾತ್ರೆ ನಿಲ್ಲಿಸಬೇಡಿ, ಅಳತೆಯನ್ನು ನೀವೇ ಹೆಚ್ಚಿಸಲೂ ಬೇಡಿ. ಕೆಲವು ಆಂಟಿಬಯಾಟಿಕ್‌ಗಳು ಈ ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ. ಆದ್ದರಿಂದ ಜ್ವರ, ನೆಗಡಿಗೆ ಹೋದರೂ ವೈದ್ಯರಿಗೆ ಕಾಯಿಲೆಯ ಹೆಸರು ಹೇಳಿ, ಅದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಉಸಿರಾಟ ಅಥವಾ ನುಂಗುವುದು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬಾರದು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹಿಮೋಫಿಲಿಯಾ, ಥಲಸ್ಸೇಮಿಯಾದಂಥ ರಕ್ತದ ಕಾಯಿಲೆಗಳೂ ಅದರಲ್ಲಿವೆ. ಮಯಸ್ತೇನಿಯಾದ ಹೆಸರು ಪ್ರತ್ಯೇಕವಾಗಿ ಇಲ್ಲ. ಸೇವೆಯಲ್ಲಿರುವಾಗ ವೈಕಲ್ಯ ಬಂತೆಂದು ಸರಕಾರಿ ನೌಕರನನ್ನು ತೆಗೆಯಬಾರದು ಎಂಬ ರಕ್ಷಣೆಯೂ ಅದರಲ್ಲಿದೆ, ಆದರೆ ಅದು ಪೇಟೆಯ ಟೈಲರ್ ಅಂಗಡಿಯವರೆಗೆ ಬರುವುದಿಲ್ಲ. ಅಲ್ಲಿ ಇರುವುದು ಮಾಲಕನ ತಖ್ವಾ ಮಾತ್ರ.

ಇಂಥ ಕಾಯಿಲೆಯಿಂದ ಕೆಲಸ ಕಳೆದುಕೊಂಡವರು, ಅಥವಾ ಇಂಥವರಿಗೆ ಯಾವ ಕೆಲಸ ಕೊಡುವುದೆಂದು ತಿಳಿಯದ ಅಂಗಡಿಯವರು ಅಸರ್ ನಂತರ ಮಸೀದಿಗೆ ಬನ್ನಿ. ಈ ಟೈಲರ್ ಸಹೋದರ ತಾನೂ ಕುಳಿತು ಮಾತಾಡುವುದಾಗಿ ಹೇಳಿದ್ದಾನೆ. ಅವನ ಮಾತು ಸ್ವಲ್ಪ ಹೊತ್ತಿಗೆ ತೊದಲತೊಡಗುತ್ತದೆ, ಆಗ ಅವಸರ ಮಾಡದೆ ಕಾಯಿರಿ.