ಕ್ಯಾರವಾನ್ ಬಯಲಲ್ಲೇ ನಿಲ್ಲಲಿ
ವಾರಾಂತ್ಯಕ್ಕೆ ಕ್ಯಾರವಾನ್ ಏರುವ ಕ್ಯಾಂಪಿಂಗ್ ಕ್ಲಬ್‌ಗಳ ಕಣ್ಣು ಮೊದಲು ಬೀಳುವುದು ಕೆಮ್ಮಣ್ಣುಗುಂಡಿಯ ಮೇಲೆ. ಆದರೆ ಉದ್ದನೆಯ ಗಾಡಿಗೆ ಘಾಟಿಯ ತಿರುವುಗಳಿಗಿಂತ ಕೆಳಗಿನ ಬಯಲೇ ವಾಸಿ. ಕಡೂರು, ತರೀಕೆರೆ ಹೆದ್ದಾರಿಯಲ್ಲೇ ಇವೆ. 1196ರ ಅಮೃತಾಪುರದ ಹೊಯ್ಸಳ ದೇಗುಲ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ಸಖರಾಯಪಟ್ಟಣದ ಅಯ್ಯನಕೆರೆ, ಎಲ್ಲಕ್ಕೂ ಹಗಲಲ್ಲೇ ಹೋಗಿ ಬರಬಹುದು. ಬೆಟ್ಟ ಬೇಕೇ ಬೇಕು ಎನ್ನುವವರು ಗಾಡಿ ಕೆಳಗೆ ನಿಲ್ಲಿಸಿ ಜೀಪಿನಲ್ಲಿ ಹತ್ತಲಿ.

ಅಜ್ಜಂಪುರದ ಕಾವಲು ಖಾಲಿ ಇದೆಯಲ್ಲ ಎನ್ನಬಹುದು. ಅದು ಮೈಸೂರು ಸೈನ್ಯದ ಫಿರಂಗಿ ಎಳೆದ ಅಮೃತಮಹಲ್ ತಳಿಯ ಮೇವಿನ ನೆಲ. ಅಲ್ಲಿ ಚಕ್ರ ಇಳಿಸಬಾರದು. ಊರಿಗೇನು ಲಾಭ ಎಂಬ ಪ್ರಶ್ನೆಯೂ ನ್ಯಾಯವೇ: ಗಾಡಿಯಲ್ಲೇ ಮಲಗುವವರು ಲಾಡ್ಜಿಗೆ ಕಾಸು ಕೊಡುವುದಿಲ್ಲ. ಹಾಗಾಗಿ ಪಂಚಾಯಿತಿ ಒಪ್ಪಿದ ಜಾಗಕ್ಕೆ ಬಾಡಿಗೆ ಕಟ್ಟಿ, ಊರಿನ ಹೋಟೆಲಲ್ಲೇ ಉಂಡು, ಕೊಳಕು ನೀರನ್ನು ಕೆರೆಗೆ ಬಿಡದ ಕ್ಲಬ್‌ಗಷ್ಟೇ ಇಲ್ಲಿ ಸ್ವಾಗತ ಸಿಗಬೇಕು.