ಮನೆಗೆ ದಿನಾ ಬಂದುಹೋಗುವವರು ಯಾರು?



ರಾಗಿಗುಡ್ಡ, ಬನಶಂಕರಿ, ಬಿ.ಟಿ.ಎಂ. ಕಡೆಯ ನಮ್ಮ ಎಷ್ಟೋ ತಾಯಂದಿರು ಬೆಳಿಗ್ಗೆ ಮನೆಗೆಲಸಕ್ಕೋ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೋ ಹೊರಡುತ್ತಾರೆ. ಸಂಜೆವರೆಗೆ ಮಕ್ಕಳನ್ನು ನೋಡಿಕೊಳ್ಳುವುದು ಅದೇ ಬೀದಿಯ ಒಬ್ಬ ಅಕ್ಕ. ತಾಯಿ ನಂಬಿರುವುದು ಆ ಅಕ್ಕನನ್ನು. ಆದರೆ ಆ ಮನೆಗೆ ಮೈದುನ, ಯಜಮಾನರ ಸ್ನೇಹಿತ, ಟ್ಯೂಷನ್ ಹುಡುಗ, ಚೀಟಿ ಹಣಕ್ಕೆ ಬರುವವರು ಎಲ್ಲರೂ ಬಂದುಹೋಗುತ್ತಾರೆ. ಕೇಳಿದರೆ "ಅಯ್ಯೋ, ನಮ್ಮೋರೇ ಬಿಡಿ" ಅಂತೀವಿ.

ಅಪಾಯ ಇಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2021ರ ವರದಿಯಂತೆ, ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ 10ಕ್ಕೆ 9ಕ್ಕಿಂತ ಹೆಚ್ಚು ಕಡೆ ಆರೋಪಿ ಪರಿಚಯದವನೇ. ಹಾಗಾದರೆ ನಾವು ಮಾಡಬೇಕಾದ್ದೇನು?

1. ಪಟ್ಟಿ ಬರೆಯಿರಿ. ಮನೆಯಲ್ಲಿರುವ ದೊಡ್ಡವರು ಮತ್ತು ವಾರಕ್ಕೊಮ್ಮೆಯಾದರೂ ಬರುವವರ ಹೆಸರು, ವಿಳಾಸ, ಫೋನ್ ನಂಬರ್, ಬರುವ ಕಾರಣ ಎಲ್ಲವೂ ಒಂದು ಪುಸ್ತಕದಲ್ಲಿರಲಿ. ತಾಯಂದಿರಿಗೂ ಅದನ್ನು ತೋರಿಸಿ.

2. ವಿಚಾರಿಸಿ. ಮೊದಲು ಎಲ್ಲಿದ್ದರು, ಎಲ್ಲಿ ಕೆಲಸ ಮಾಡಿದರು ಎಂದು ಅವರನ್ನು ಬಲ್ಲ ಇಬ್ಬರನ್ನಾದರೂ ಕೇಳಿ.

3. ಸಹಾಯಕ್ಕೆ ಆಯಾ ಅಥವಾ ಆಟೋದವರನ್ನು ಇಟ್ಟುಕೊಂಡಿದ್ದರೆ ಪೊಲೀಸ್ ಪರಿಶೀಲನೆ ಮಾಡಿಸಿ. ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಹೇಗೆಂದು ಹತ್ತಿರದ ಠಾಣೆಯಲ್ಲೂ ಕೇಳಿ.

ಆದರೆ ಒಂದು ಮಾತು ನೆನಪಿರಲಿ. ಪೊಲೀಸರ ದಾಖಲೆಯಲ್ಲಿ ಕೇಸು ಇದೆಯೋ ಇಲ್ಲವೋ ಎಂಬುದಷ್ಟೇ ಆ ಪತ್ರದಿಂದ ಗೊತ್ತಾಗುತ್ತದೆ. ಯಾರೂ ದೂರು ಕೊಡದಿದ್ದರೆ ದಾಖಲೆಯೂ ಇರುವುದಿಲ್ಲ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿ 2018ರಲ್ಲಿ ಬಂತು. ಅದನ್ನೂ ಪೊಲೀಸರಂಥವರು ಮಾತ್ರ ನೋಡಬಹುದು, ನಮ್ಮ ಕೈಗೆ ಸಿಗುವುದಿಲ್ಲ.

4. ಆದ್ದರಿಂದ ಪತ್ರಕ್ಕಿಂತ ಮನೆಯ ನಿಯಮ ದೊಡ್ಡದು. ನಿಮ್ಮನ್ನು ಬಿಟ್ಟು ಬೇರೆ ಯಾರೂ ಮಗುವಿನ ಜೊತೆ ಒಂಟಿಯಾಗಿ ಇರಬಾರದು. ಸ್ನಾನ, ಬಟ್ಟೆ, ಶೌಚದ ಕೆಲಸ ನಿಮ್ಮದೇ. ಅಂಗಡಿಗೆ ಕರೆದೊಯ್ಯುವುದು, ಮೊಬೈಲಿನಲ್ಲಿ ಫೋಟೋ ತೆಗೆಯುವುದು ಬೇಡ. ನಮ್ಮ ಗಂಡ, ಅಣ್ಣ, ಮಗನಿಗೂ ಇದೇ ನಿಯಮ. ಎಲ್ಲರಿಗೂ ಒಂದೇ ಆದರೆ ಯಾರಿಗೂ ಅವಮಾನವಿಲ್ಲ.

ಮಗು ಏನಾದರೂ ಹೇಳಿದರೆ ಗದರಬೇಡಿ, ಕೆದಕಿ ಕೆದಕಿ ಕೇಳಬೇಡಿ. ಹೇಳಿದ್ದನ್ನು ನಂಬಿ, 1098 ಅಥವಾ 112ಕ್ಕೆ ಫೋನ್ ಮಾಡಿ. 2012ರ ಪೋಕ್ಸೋ ಕಾಯ್ದೆಯಂತೆ ಇಂಥ ವಿಷಯ ಗೊತ್ತಿದ್ದೂ ತಿಳಿಸದಿದ್ದರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ ಆಗಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ಮಗುವಿನ ಹೆಸರನ್ನು ಮಾತ್ರ ಬೀದಿಯಲ್ಲಿ ಆಡಬೇಡಿ.

"ನೆಂಟರು ಬೇಜಾರು ಮಾಡ್ಕೋತಾರೆ" ಅನ್ನಬಹುದು. ಬೇಜಾರು ನಾಲ್ಕು ದಿನಕ್ಕೆ ಹೋಗುತ್ತದೆ, ಮಗುವಿನ ನೋವು ಹೋಗುವುದಿಲ್ಲ. ಮುಂದಿನ ವಾರದ ಸಭೆಯಲ್ಲಿ ಇದನ್ನು ಓದಿ, ಚರ್ಚಿಸಿ, ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮಗು ನೋಡಿಕೊಳ್ಳುವ ಸದಸ್ಯೆ ನಿಮ್ಮ ಸಂಘದಲ್ಲಿದ್ದರೆ, ಅಂದೇ ಎಲ್ಲರೂ ಸೇರಿ ಅವರ ಪಟ್ಟಿ ಬರೆದುಕೊಡೋಣ.