ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ ರಾತ್ರೋರಾತ್ರಿ ಇಳಿಯುವುದೇಕೆ?

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ತಿಂಗಳಲ್ಲಿ ಆರಂಭವಾಗುತ್ತದೆ. ಆಗ ಟ್ರ್ಯಾಕ್ಟರಿಗೆ ಬಿಡುವೆಂಬುದೇ ಇಲ್ಲ. ಹಗಲು ಹೊಲದಲ್ಲಿ ಕಬ್ಬು ಹೇರಬೇಕು, ರಾತ್ರಿ ಕಾರ್ಖಾನೆಯ ಅಂಗಳದಲ್ಲಿ ಪಾಳಿ ಹಿಡಿದು ನಿಲ್ಲಬೇಕು. ಇಂಥ ಹೊತ್ತಿನಲ್ಲಿ ನಸುಕಿಗೆದ್ದು ಕೀಲಿ ತಿರುವಿದರೆ ಸೆಲ್ಫ್ ಒಮ್ಮೆ ‘ಟಕ್’ ಎಂದು ಸುಮ್ಮನಾದರೆ ಏನು ಗತಿ? ಪಾಳಿ ತಪ್ಪುತ್ತದೆ. ಕಬ್ಬು ಕಡಿಯುವ ಗ್ಯಾಂಗು ಕಾಯುತ್ತ ಕೂರುತ್ತದೆ. ಕಡಿದ ಕಬ್ಬು ಬಿಸಿಲಿನಲ್ಲಿ ಬಿದ್ದಷ್ಟೂ ತೂಕ ಇಳಿಯುತ್ತದೆ, ಸಕ್ಕರೆಯ ಅಂಶವೂ ಕಡಿಮೆಯಾಗುತ್ತದೆ.

ಇಂಥ ಸಮಯದಲ್ಲಿ ಬಹಳಷ್ಟು ರೈತರು ನೇರವಾಗಿ ಪೇಟೆಗೆ ಹೋಗಿ ಹೊಸ ಬ್ಯಾಟರಿ ತರುತ್ತಾರೆ. ದೋಷ ಬ್ಯಾಟರಿಯದೇ ಆಗಿದ್ದರೆ ಸರಿ. ಆದರೆ ಹಳೆಯ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಸಲ ಬ್ಯಾಟರಿ ಚೆನ್ನಾಗಿಯೇ ಇದ್ದು, ವಿದ್ಯುತ್ತು ಬೇರೆಲ್ಲೋ ಸೋರಿ ಹೋಗುತ್ತಿರುತ್ತದೆ. ಆಗ ಹೊಸ ಬ್ಯಾಟರಿ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಹೊಸದೂ ಕೆಲವೇ ತಿಂಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ. ಪದೇ ಪದೇ ಪೂರ್ತಿ ಖಾಲಿಯಾದ ಬ್ಯಾಟರಿಯ ಒಳಗಿನ ಸೀಸದ ತಟ್ಟೆಗಳ ಮೇಲೆ ಬಿಳಿ ಲವಣ ಗಟ್ಟಿಯಾಗಿ ಕೂರುವುದೇ ಇದಕ್ಕೆ ಕಾರಣ. ಆದ್ದರಿಂದ ಹಣ ಬಿಚ್ಚುವ ಮುನ್ನ ಸೋರಿಕೆ ಹುಡುಕಿರಿ. ಇದಕ್ಕೆ ಬೇಕಾಗುವುದು ಒಂದು ಸಣ್ಣ ಬಲ್ಬು, ಎರಡು ತುಂಡು ವೈರು ಮತ್ತು ಅರ್ಧ ದಿನದ ತಾಳ್ಮೆ.

ಸೋರಿಕೆಯ ಲೆಕ್ಕ

ಹಿಡಕಲ್ ಜಲಾಶಯದ ನೀರನ್ನು ಬಲ್ಲ ರೈತರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತೂಬಿನ ಬಾಗಿಲು ಸರಿಯಾಗಿ ಕೂರದಿದ್ದರೆ ಹರಿಯುವುದು ಸಣ್ಣ ಧಾರೆಯೇ ಆದರೂ ಹಗಲಿರುಳು ಹರಿದು ಕೆರೆಯನ್ನೇ ಬರಿದು ಮಾಡುತ್ತದೆ. ಬ್ಯಾಟರಿಯದೂ ಇದೇ ಕಥೆ.

ಟ್ರ್ಯಾಕ್ಟರಿನಲ್ಲಿ 80 ಆಂಪಿಯರ್-ಅವರ್ ಬ್ಯಾಟರಿ ಇದೆ ಎಂದಿಟ್ಟುಕೊಳ್ಳಿ. ಹಿಂಬದಿಯ 5 ವ್ಯಾಟಿನ ಒಂದೇ ಒಂದು ದೀಪ ಆರದೆ ಉಳಿದರೆ ದಿನಕ್ಕೆ ಸುಮಾರು 10 ಆಂಪಿಯರ್-ಅವರ್ ಖರ್ಚಾಗುತ್ತದೆ. ಅಂದರೆ ನಾಲ್ಕು ದಿನಕ್ಕೆ ಅರ್ಧ ಬ್ಯಾಟರಿ ಖಾಲಿ. ಬ್ರೇಕಿನ ಸ್ವಿಚ್ ಅಂಟಿಕೊಂಡು 21 ವ್ಯಾಟಿನ ಎರಡು ದೀಪ ಉರಿಯುತ್ತಿದ್ದರೆ ಗಂಟೆಗೆ ಮೂರೂವರೆ ಆಂಪಿಯರ್ ಹೋಗುತ್ತದೆ. ಹನ್ನೆರಡು ಗಂಟೆಯ ಒಂದೇ ರಾತ್ರಿಯಲ್ಲಿ ಅರ್ಧ ಬ್ಯಾಟರಿ ಮುಗಿದಂತೆಯೇ. ಕಣ್ಣಿಗೆ ಕಾಣದ 50 ಮಿಲಿ ಆಂಪಿಯರ್ ಸೋರಿಕೆ ಕೂಡ, ಗಾಡಿ ಒಂದು ತಿಂಗಳು ನಿಂತರೆ 36 ಆಂಪಿಯರ್-ಅವರ್ ನುಂಗುತ್ತದೆ. ಹಂಗಾಮು ಮುಗಿದ ಮೇಲೆ ಮುಂಗಾರಿನವರೆಗೆ ನಿಲ್ಲಿಸಿದ ಗಾಡಿ ಏಳದಿರುವುದಕ್ಕೆ ಇದೂ ಒಂದು ಕಾರಣ.

ದೋಷ ಯಾವುದು? ಮೊದಲು ಬೇರ್ಪಡಿಸಿ

ಬ್ಯಾಟರಿ ಇಳಿಯಲು ಮೂರು ಕಾರಣಗಳಿವೆ. ಒಂದು, ಬ್ಯಾಟರಿಯೇ ಹಳತಾಗಿರುವುದು. ಎರಡು, ಅದು ಸರಿಯಾಗಿ ಚಾರ್ಜ್ ಆಗದಿರುವುದು. ಮೂರು, ಸೋರಿಕೆ. ಒಂದೊಂದನ್ನೇ ತಳ್ಳಿ ಹಾಕುತ್ತ ಹೋಗಬೇಕು.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಬಿಟ್ಟು ಮೀಟರಿನಿಂದ ಅಳೆಯಿರಿ. ಸುಮಾರು 12.6 ವೋಲ್ಟ್ ಇರಬೇಕು. ಎರಡೂ ಕೇಬಲ್ ಬಿಚ್ಚಿ ರಾತ್ರಿಯೆಲ್ಲ ಹಾಗೆಯೇ ಇಡಿ. ಬೆಳಿಗ್ಗೆ 12.2ಕ್ಕೆ ಇಳಿದಿದ್ದರೆ ದೋಷ ಬ್ಯಾಟರಿಯ ಹೊಟ್ಟೆಯಲ್ಲೇ ಇದೆ. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲುಗಳ ಆಸಿಡ್ ನೋಡಿಸಿರಿ. ಐದು ಸೆಲ್ 1.250 ತೋರಿಸಿ ಒಂದು ಮಾತ್ರ 1.200 ಅಥವಾ ಅದಕ್ಕೂ ಕೆಳಗಿದ್ದರೆ ಆ ಸೆಲ್ ಹೋಗಿದೆ ಎಂದೇ ತಿಳಿಯಿರಿ. ಆಗ ಹೊಸ ಬ್ಯಾಟರಿ ತರುವುದೇ ದಾರಿ.

ಬಿಚ್ಚಿಟ್ಟ ಬ್ಯಾಟರಿ ಇಳಿಯದೆ ನಿಂತಿದ್ದರೆ ಅದನ್ನು ಜೋಡಿಸಿ ಇಂಜಿನ್ ಚಾಲೂ ಮಾಡಿ, ವೇಗ ಸ್ವಲ್ಪ ಏರಿಸಿ ಮತ್ತೆ ಅಳೆಯಿರಿ. 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಾಗಿದೆ. 13ಕ್ಕಿಂತ ಮೇಲೇರದಿದ್ದರೆ ಬೆಲ್ಟು ಸಡಿಲಾಗಿದೆಯೇ ನೋಡಿ; ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು, ಹೆಚ್ಚು ಬಗ್ಗಬಾರದು. ಬೆಲ್ಟು ಸರಿಯಿದ್ದೂ ವೋಲ್ಟ್ ಏರದಿದ್ದರೆ ಡೈನಮೋ ಅಥವಾ ಆಲ್ಟರ್ನೇಟರನ್ನು ಮಿಸ್ತ್ರಿಗೆ ತೋರಿಸಬೇಕು. ಈ ಎರಡು ಪರೀಕ್ಷೆಯಲ್ಲೂ ಗಾಡಿ ಪಾಸಾದರೆ ಉಳಿದದ್ದು ಸೋರಿಕೆ.

ಬಲ್ಬಿನ ಪರೀಕ್ಷೆ

ಮೊದಲು ಎಚ್ಚರಿಕೆಯ ಮಾತು. ಬ್ಯಾಟರಿಯಿಂದ ಹೊರಡುವ ಗಾಳಿಗೆ ಕಿಡಿ ತಗಲಿದರೆ ಬ್ಯಾಟರಿ ಸಿಡಿಯುತ್ತದೆ. ಹತ್ತಿರ ಬೀಡಿ ಹಚ್ಚಕೂಡದು. ಕೇಬಲ್ ತಾಗಿಸಿ ಕಿಡಿ ಬರುತ್ತದೆಯೇ ಎಂದು ನೋಡುವ ಹಳೆಯ ರೂಢಿಯನ್ನೂ ಬಿಡಬೇಕು. ಕೈಯ ಉಂಗುರ, ಕಡಗ ತೆಗೆದಿಡಿ. ಗೇರನ್ನು ನ್ಯೂಟ್ರಲ್‌ಗೆ ಹಾಕಿ. ಕಣ್ಣಿಗೆ ಆಸಿಡ್ ಸಿಡಿದರೆ ಕೂಡಲೇ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು.

ಈಗ ಗಾಡಿಯನ್ನು ದಿನಾ ರಾತ್ರಿ ಹೇಗೆ ನಿಲ್ಲಿಸುತ್ತೀರೋ ಹಾಗೆಯೇ ನಿಲ್ಲಿಸಿ: ಕೀಲಿ ತೆಗೆದು, ಎಲ್ಲ ಸ್ವಿಚ್ ಆರಿಸಿ, ಟ್ರೇಲರಿನ ಪ್ಲಗ್ಗು ಜೋಡಿಸಿಯೇ ಇರಲಿ. ಬ್ಯಾಟರಿಯಿಂದ ಗಾಡಿಯ ಮೈಗೆ ಕಟ್ಟಿದ ಅರ್ಥ್ ಕೇಬಲ್ ಬಿಚ್ಚಿರಿ. ಸಾಮಾನ್ಯವಾಗಿ ಇದು ಮೈನಸ್ ಕಡೆಯದು. ಆದರೆ ಡೈನಮೋ ಇರುವ ಕೆಲವು ಬಹಳ ಹಳೆಯ ಗಾಡಿಗಳಲ್ಲಿ ಪ್ಲಸ್ ಕಡೆಯೂ ಇರಬಹುದು; ಬಣ್ಣ ನಂಬದೆ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ.

ಬಿಚ್ಚಿದ ಕೇಬಲ್ಲಿಗೂ ಬ್ಯಾಟರಿಯ ಕಂಬಕ್ಕೂ ನಡುವೆ 12 ವೋಲ್ಟಿನ 5 ವ್ಯಾಟ್ ಬಲ್ಬನ್ನು ವೈರಿನಿಂದ ಜೋಡಿಸಿ. ಬಲ್ಬು ಉರಿಯದಿದ್ದರೆ ದೊಡ್ಡ ಸೋರಿಕೆ ಇಲ್ಲ. ಮಂಕಾಗಿ ಉರಿದರೆ ಸಣ್ಣ ಸೋರಿಕೆ, ಪ್ರಕಾಶವಾಗಿ ಉರಿದರೆ ದೊಡ್ಡದು. ಹಗಲಿನಲ್ಲಿ ಮಂಕು ಬೆಳಕು ಕಾಣಿಸದು, ಆದ್ದರಿಂದ ನೆರಳಿನಲ್ಲಿ ನೋಡಿ. ಬಲ್ಬು ಉರಿಯದಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಮಾತ್ರ ಮೀಟರನ್ನು 10 ಆಂಪಿಯರಿಗೆ ಇಟ್ಟು ಅದೇ ಜಾಗದಲ್ಲಿ ಜೋಡಿಸಿ ಅಳೆಯಿರಿ. ಮೀಟರ್ ಜೋಡಿಸಿದಾಗ ಸೆಲ್ಫ್ ಹೊಡೆಯಕೂಡದು, ಮೀಟರಿನ ಫ್ಯೂಸು ಸುಟ್ಟು ಹೋಗುತ್ತದೆ. ಹಳೆಯ ಟ್ರ್ಯಾಕ್ಟರಿನಲ್ಲಿ 50 ಮಿಲಿ ಆಂಪಿಯರಿಗಿಂತ ಹೆಚ್ಚು ಬಂದರೆ ಹುಡುಕಲೇಬೇಕು.

ಸೋರುವ ಲೈನು ಹಿಡಿಯುವ ಬಗೆ

ಬಲ್ಬು ಉರಿಯುತ್ತಿರುವಾಗಲೇ ಒಬ್ಬರು ಅದನ್ನು ನೋಡುತ್ತಿರಲಿ, ಇನ್ನೊಬ್ಬರು ಹೀಗೆ ಮಾಡಲಿ:

1. ಮೊದಲು ಟ್ರೇಲರಿನ ಪ್ಲಗ್ಗು ಕೀಳಿರಿ. ಬಲ್ಬು ಆರಿದರೆ ದೋಷ ಟ್ರೇಲರಿನಲ್ಲಿದೆ. ನಮ್ಮ ಭಾಗದ ಕಬ್ಬಿನ ಗಾಡಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದೇ. ಪ್ಲಗ್ಗಿನೊಳಗೆ ಕೆಸರು, ಕಬ್ಬಿನ ರವದಿಯ ಧೂಳು ಸೇರಿ ಹಸಿರು ಕಿಲುಬು ಕಟ್ಟಿರುತ್ತದೆ. ಟ್ರೇಲರಿನ ಕೆಳಗಿನ ವೈರು ಕಬ್ಬಿಣಕ್ಕೆ ಉಜ್ಜಿ ಬರಿಮೈ ಆಗಿರುತ್ತದೆ.

2. ಟೇಪು, ಆಂಪ್ಲಿಫೈಯರ್, ಬಣ್ಣದ ದೀಪದ ಪಟ್ಟಿ, ಮೊಬೈಲ್ ಚಾರ್ಜರ್ ಮುಂತಾಗಿ ನಂತರ ಹಾಕಿಸಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿರಿ. ಇವುಗಳ ವೈರನ್ನು ಕೀಲಿಯ ಹಂಗಿಲ್ಲದೆ ನೇರವಾಗಿ ಬ್ಯಾಟರಿಗೆ ಕಟ್ಟಿರುವುದು ಸಾಮಾನ್ಯ. ಹಾಡು ನಿಂತರೂ ಆಂಪ್ಲಿಫೈಯರ್ ವಿದ್ಯುತ್ತು ಎಳೆಯುತ್ತಲೇ ಇರಬಹುದು.

3. ನಂತರ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿ ಮತ್ತೆ ಹಾಕಿರಿ. ಯಾವ ಫ್ಯೂಸು ಕಿತ್ತಾಗ ಬಲ್ಬು ಆರುತ್ತದೋ ಸೋರಿಕೆ ಆ ಲೈನಿನಲ್ಲಿದೆ. ಬ್ರೇಕ್ ಸ್ವಿಚ್, ಹಾರ್ನ್, ಹೀಟರ್ ಸ್ವಿಚ್‌ಗಳನ್ನು ವಿಶೇಷವಾಗಿ ಗಮನಿಸಿ.

4. ಎಲ್ಲ ಫ್ಯೂಸು ಕಿತ್ತರೂ ಬಲ್ಬು ಉರಿದರೆ ಉಳಿದದ್ದು ಫ್ಯೂಸಿಲ್ಲದ ದಪ್ಪ ವೈರುಗಳು. ಬಲ್ಬು ಬಿಚ್ಚಿಟ್ಟು, ಆಲ್ಟರ್ನೇಟರಿನ ದಪ್ಪ ವೈರು ತೆಗೆದು, ತುದಿಗೆ ಟೇಪು ಸುತ್ತಿ, ಮತ್ತೆ ಬಲ್ಬು ಜೋಡಿಸಿ. ಈಗ ಆರಿದರೆ ಆಲ್ಟರ್ನೇಟರಿನ ಡಯೋಡ್ ಹೋಗಿದೆ. ಡೈನಮೋ ಗಾಡಿಯಾದರೆ ಕಟ್ಔಟಿನ ಪಾಯಿಂಟು ಅಂಟಿಕೊಂಡಿರಬಹುದು. ಇಂಜಿನ್ ಬಂದ್ ಮಾಡಿ ತಾಸುಗಟ್ಟಲೆ ಕಳೆದರೂ ಡೈನಮೋ ಬಿಸಿಯಾಗಿದ್ದರೆ ಇದೇ ಕಾರಣವೆಂದು ಅನುಮಾನಿಸಿ.

ಇದಾವುದೂ ಅಲ್ಲದಿದ್ದರೆ ಬ್ಯಾಟರಿಯ ನೆತ್ತಿ ನೋಡಿ. ಆಸಿಡ್ ಬೆರೆತ ಒದ್ದೆ ಧೂಳು ಎರಡು ಕಂಬಗಳ ನಡುವೆ ದಾರಿ ಮಾಡಿಕೊಟ್ಟು ವಿದ್ಯುತ್ತನ್ನು ಹರಿಸುತ್ತದೆ. ಮುಚ್ಚಳ ಬಿಗಿ ಮಾಡಿ, ಅಡಿಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿರಿ.

ಈ ವಿಧಾನ ಹಳೆಯ ಗಾಡಿಗಳಿಗೆ ಹೇಳಿದ್ದು. 2023ರ ಜನವರಿಯಿಂದ 50 ಎಚ್‌ಪಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂದ ಮೇಲೆ ಅವುಗಳ ಇಂಜಿನ್ನಿಗೆ ಎಲೆಕ್ಟ್ರಾನಿಕ್ ಯಂತ್ರಗಳು ಸೇರಿವೆ. ಅಂಥವನ್ನು ಸರ್ವಿಸ್ ಸೆಂಟರಿನಲ್ಲೇ ತೋರಿಸುವುದು ಲೇಸು.

ಮತ್ತೆ ಸೋರದಂತೆ

ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿರಿ. ಬೋರಿನ ನೀರು, ಕಾಲುವೆಯ ನೀರು ಬೇಡ. ನೀರು ಕಡಿಮೆಯಾದಲ್ಲಿ ಆಸಿಡ್ ಸುರಿಯಕೂಡದು. ನಂತರ ಸೇರಿಸಿದ ಪ್ರತಿ ವಸ್ತುವಿಗೂ ಬ್ಯಾಟರಿಯ ಹತ್ತಿರವೇ ಬೇರೆ ಫ್ಯೂಸು ಹಾಕಿಸಿ. ಅರ್ಥ್ ಕೇಬಲ್ಲಿಗೆ ಒಂದು ಮೇನ್ ಸ್ವಿಚ್ ಹಾಕಿಸಿಕೊಂಡರೆ ರಾತ್ರಿ ಗಾಡಿ ನಿಲ್ಲಿಸಿ ಅದನ್ನು ಬಂದ್ ಮಾಡಬಹುದು. ಆದರೆ ಇಂಜಿನ್ ಓಡುವಾಗ ಅದನ್ನು ಮುಟ್ಟಕೂಡದು, ಆಲ್ಟರ್ನೇಟರ್ ಸುಡುವ ಸಂಭವವಿದೆ. ಗಾಡಿ ಬಹಳ ದಿನ ನಿಲ್ಲುವುದಾದರೆ ಬ್ಯಾಟರಿ ಬಿಚ್ಚಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿರಿ.

ಹಿಂಬದಿ ದೀಪ ಕೀಳಬೇಡಿ

ಕೊನೆಯದಾಗಿ ಒಂದು ಮುಖ್ಯ ಮಾತು. ಟ್ರೇಲರಿನ ಲೈನಿನಲ್ಲಿ ಸೋರಿಕೆ ಇದೆಯೆಂದು ತಿಳಿದ ಕೂಡಲೇ ಕೆಲವರು ಆ ವೈರನ್ನೇ ಕತ್ತರಿಸಿಬಿಡುತ್ತಾರೆ. ಬ್ಯಾಟರಿ ಉಳಿಯುತ್ತದೆ ನಿಜ. ಆದರೆ ಎರಡು ಟ್ರೇಲರ್ ಕಬ್ಬು ಹೇರಿದ ಗಾಡಿ ಹಿಂಬದಿ ದೀಪವಿಲ್ಲದೆ ರಸ್ತೆಗಿಳಿಯುತ್ತದೆ. ಗೋಕಾಕದಿಂದ ಸಂಕೇಶ್ವರದತ್ತ ಹೋಗುವ ದಾರಿಯಲ್ಲಾಗಲಿ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಾಗಲಿ ಕತ್ತಲಲ್ಲಿ ನಿಂತ ಕಬ್ಬಿನ ಗಾಡಿ ಹಿಂದಿನಿಂದ ಬರುವ ಬೈಕಿನವನಿಗೆ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ. ಆಗ ಬ್ರೇಕ್ ಹಾಕಿ ಫಲವಿಲ್ಲ.

ಆದ್ದರಿಂದ ವೈರು ಕತ್ತರಿಸದೆ ಬದಲಿಸಿರಿ. ಪ್ಲಗ್ಗು ಸ್ವಚ್ಛ ಮಾಡಿ, ಬರಿಮೈಯಾದ ವೈರು ತೆಗೆದು ಹೊಸದನ್ನು ರಬ್ಬರು ಕೊಳವೆಯೊಳಗೆ ಎಳೆಸಿರಿ. ಟ್ರೇಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿಯನ್ನೂ ಅಂಟಿಸಿರಿ. ಈ ಕೆಲಸವನ್ನು ಹಂಗಾಮು ಆರಂಭವಾಗುವ ಮುನ್ನವೇ ಮುಗಿಸಿಕೊಳ್ಳುವುದು ಒಳ್ಳೆಯದು.